ಅಪ್ಪ ಊದುತ್ತಿದ್ದ ಇಂಜಿನ್

ಇವತ್ತು ಹಿತ್ತಾಳೆ ದೀಪಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿದೆ. ಕೈ ತೊಳೆದರೂ ಹಿತ್ತಾಳೆ ವಾಸನೆ ಹೋಗಲಿಲ್ಲ. ಅಪ್ಪನ ಕೈಯದೂ ಇದೇ ವಾಸನೆ.

ಅಪ್ಪ ಚಳ್ಳಕೆರೆಯ ಶೇಂಗಾ ಎಣ್ಣೆ ಮಿಲ್ಲೊಂದರಲ್ಲಿ ಫಿಟ್ಟರ್. ಬಿಡುವಾದಾಗಲೆಲ್ಲ ಹಿತ್ತಾಳೆ ಚೂರುಗಳಿಗೆ ಅರ ಹಾಕಿ ಉಜ್ಜಿ ಸವೆಸಿ, ಮೊಳದುದ್ದದ ಉಗಿ ರೈಲಿನ ಇಂಜಿನ್ ಮಾಡಿದ್ದರು. ಉಗಿಯನ್ನು ಪಿಸ್ಟನ್ನಿನ ಹಿಂದಕ್ಕೊಮ್ಮೆ ಮುಂದಕ್ಕೊಮ್ಮೆ ಬಿಡುವ ಪುಟ್ಟ ವಾಲ್ವು, ಅದನ್ನು ಎಳೆದಾಡಿಸುವ ಕಡ್ಡಿಗಳು, ಎಲ್ಲ ನಿಜದ ಇಂಜಿನ್ನಿನ ಹಾಗೇ. ಉಗಿ ಹಾಕುವ ಮೊದಲು ರಬ್ಬರ್ ಪೈಪಿನಲ್ಲಿ ಬಾಯಿಂದ ಊದಿ ನೋಡೋರು. ಗಾಲಿ ಗಿರಗಿರ ತಿರುಗಿದರೆ, "ನೋಡವ್ವಾ, ಜೀವ ಬಂತು" ಅನ್ನೋರು.

ಬರಬರುತ್ತಾ ಮಿಲ್ಲಿನ ಧೂಳಿಗೆ ಅವರ ಎದೆ ಕಟ್ಟಿತು. ಒಂದಿನ ಊದಿದರು, ಗಾಲಿ ಅಲುಗಲಿಲ್ಲ. "ವಾಲ್ವು ಸರಿಯಾಗಿ ಕೂತಿಲ್ಲ" ಅಂತ ಬಿಚ್ಚಿ ಅರ ಹಾಕಿದರು. ಮತ್ತೆ ಊದಿದರು, ಕೆಮ್ಮಿದರು. ನೀರು ಕುಡಿಯೋಕೆ ಒಳಗೆ ಹೋದಾಗ ನಾನು ಊದಿದೆ. ಗಾಲಿ ಸಲೀಸಾಗಿ ತಿರುಗಿತು. ಗಾಬರಿಯಾಗಿ ಬೆರಳಿಟ್ಟು ನಿಲ್ಲಿಸಿಬಿಟ್ಟೆ.

ಅಪ್ಪ ಬಂದು, "ನೀ ಊದಿದೇನವ್ವಾ? ತಿರುಗ್ತಾ?" ಅಂದರು.

"ಇಲ್ಲಪ್ಪ. ವಾಲ್ವೇ ಸರಿಯಿಲ್ಲ."

ನಿನ್ನ ಉಸಿರೇ ಸಾಲ್ತಿಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ನನ್ನ ಮಾತು ನಂಬಿ ಅಪ್ಪ, ಹಾಸಿಗೆ ಹಿಡಿಯುವ ತನಕ, ಸರಿಯಾಗೇ ಇದ್ದ ಆ ವಾಲ್ವಿಗೆ ಅರ ಹಾಕುತ್ತಲೇ ಇದ್ದರು.

ದೀಪ ಒರೆಸಿಟ್ಟ ಮೇಲೆ ಅಟ್ಟದಿಂದ ಇಂಜಿನ್ ಇಳಿಸಿ, ಬಾಯಿಟ್ಟು ಊದಿದೆ. ಸವೆದ ವಾಲ್ವಿನ ಸಂದಿಯಿಂದ ನನ್ನ ಉಸಿರು ನನ್ನ ಮುಖಕ್ಕೇ ಬಂತು. ಗಾಲಿ ಅಲುಗಲಿಲ್ಲ.