ಕುಡಿಯಲು ಯೋಗ್ಯವೆಂದು ನಾನು ಬರೆದ ಬಾವಿ

೧೯೬೧ರಲ್ಲಿ ನಾನು ಧಾರವಾಡದ ಒಂದು ಸರಕಾರಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಸಹಾಯಕ ಕೆಮಿಸ್ಟ್ ಆಗಿದ್ದೆ. ವಯಸ್ಸು ಇಪ್ಪತ್ತೇಳು. ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ತಪ್ಪು ಮಾಡುವವರು ಬೇರೆಯವರು ಎಂಬ ನಂಬಿಕೆ ಇನ್ನೂ ಗಟ್ಟಿಯಾಗಿತ್ತು. ಸುತ್ತಲಿನ ಊರುಗಳಿಂದ ಬರುವ ಬಾವಿ, ಕೆರೆ, ನಳದ ನೀರನ್ನು ಪರೀಕ್ಷಿಸಿ ವರದಿಯ ಕೊನೆಗೆ ‘ಕುಡಿಯಲು ಯೋಗ್ಯ’ ಅಥವಾ ‘ಯೋಗ್ಯವಲ್ಲ’ ಎಂದು ಬರೆಯುವುದು ನನ್ನ ಉದ್ಯೋಗ. ನನ್ನ ಅಕ್ಷರ ದುಂಡಗಿತ್ತು. ಅದರ ಬಗ್ಗೆ ಜಂಬವೂ ಇತ್ತು.

ಆ ವರ್ಷದ ನವೆಂಬರಿನಲ್ಲಿ ಹುಬ್ಬಳ್ಳಿಯಿಂದ ಒಂದು ಕಡತ ಬಂತು. ಊರ ಹೊರಗೆ, ಬೆಣ್ಣೆಹಳ್ಳದ ಕಡೆಗೆ ಹರಿಯುವ ಒಂದು ಸಣ್ಣ ಹಳ್ಳದ ದಂಡೆಯಲ್ಲಿ ತೊಗಲು ಹದ ಮಾಡುವ ಕಾರಖಾನೆಯೊಂದು ಇತ್ತಂತೆ. ಸ್ವಾತಂತ್ರ್ಯಕ್ಕೆ ಮೊದಲೇ ಮುಚ್ಚಿಹೋದ ಅದರ ಆರು ಎಕರೆ ಜಾಗದಲ್ಲಿ ಊರು ಗುಡಿಸುವ ಕೆಲಸಗಾರರಿಗೆ ಇಪ್ಪತ್ನಾಲ್ಕು ಮನೆ ಕಟ್ಟುವ ಯೋಜನೆ. ನೆಲ ಗಟ್ಟಿ ಇದೆಯೇ ಎಂದು ನೋಡುವವರು ಎಂಜಿನಿಯರ್. ಅಲ್ಲಿದ್ದ ಹಳೆಯ ಕಲ್ಲು ಬಾವಿಯ ನೀರನ್ನು ಕುಡಿಯಬಹುದೇ ಎಂದು ಹೇಳಬೇಕಾದವನು ನಾನು.

ಎಂಜಿನಿಯರರ ಜೀಪಿನಲ್ಲಿ ಹೋದೆ. ಮಳೆಗಾಲ ಆಗಷ್ಟೇ ಮುಗಿದು ಹಳ್ಳದ ಆಚೆ ದಂಡೆಯೆಲ್ಲ ಹಸಿರಾಗಿತ್ತು. ಈಚೆ, ಕಾರಖಾನೆಯ ಹಿಂದೆ, ಉದ್ದಕ್ಕೆ ಒಂದು ಪಟ್ಟಿಯಷ್ಟು ನೆಲದಲ್ಲಿ ಒಂದು ಗರಿಕೆಯೂ ಇರಲಿಲ್ಲ. ಕಾವಲುಗಾರ ಇಮಾಮಸಾಬ ಅದೇ ಕಾರಖಾನೆಯಲ್ಲಿ ದುಡಿದ ಹಳಬ. ಹೆಂಡತಿ ಖತೀಜಾಬಿಯೊಂದಿಗೆ ಗೇಟಿನ ಕೋಣೆಯಲ್ಲೇ ಇದ್ದ. ಆ ಬೋಳು ಪಟ್ಟಿಯನ್ನು ತೋರಿಸಿ ಹೇಳಿದ:

“ಇಲ್ಲಿ ಸುಣ್ಣದ ಹೊಂಡ ಇದ್ದೂರಿ. ಸುಣ್ಣದಾಗ ಹರಿದಾಳ ಕಲಸಿ ತೊಗಲ ನೆನಿ ಹಾಕತಿದ್ವಿ, ಕೂದಲ ಉದರ್ತಿದ್ದು. ಮ್ಯಾಲ ಮಣ್ಣ ಹಾಕಿ ಮುಚ್ಯಾರ. ಈ ದಂಡ್ಯಾಗ ಕಪ್ಪಿ ಸೈತ ಒದರೂದಿಲ್ರಿ ಸಾಹೇಬ್ರ.”

ಹರಿದಾಳವೆಂದರೆ ಆರ್ಸೆನಿಕ್ ಮತ್ತು ಗಂಧಕ ಕೂಡಿದ ಹಳದಿ ಖನಿಜ, ಹಸಿ ವಿಷ. ಇದು ನನಗೆ ಗೊತ್ತಿತ್ತು. ಆರ್ಸೆನಿಕ್ ಪರೀಕ್ಷೆಯನ್ನೂ ಮಾಡಬೇಕೆಂದು ಡೈರಿಯಲ್ಲಿ ಗುರುತು ಮಾಡಿಕೊಂಡೆ. ಕಪ್ಪೆಯ ಮಾತಿಗೆ ಮಾತ್ರ ನಕ್ಕುಬಿಟ್ಟೆ.

ಬಾವಿಗೆ ಹಗ್ಗವಿರಲಿಲ್ಲ. ಎಂಜಿನಿಯರರು ಜೀಪಿನಲ್ಲಿ ಕೂತು ಹಾರ್ನ್ ಹೊಡೆಯತೊಡಗಿದ್ದರು. ನಾನು ತೊಳೆದು ತಂದಿದ್ದ ಎರಡು ಗಾಜಿನ ಬಾಟಲಿಗಳನ್ನು ಖತೀಜಾಬಿಯ ಕೈಗೆ ಕೊಟ್ಟು, “ಹಗ್ಗ ತರಿಸಿ ಈ ಬಾವಿ ನೀರು ತುಂಬಿ ಇಡ್ರಿ. ಆಫೀಸಿಗೆ ಬೇಕಾಗ್ಯದ. ನಾಳೆ ಜೀಪು ಬಂದು ಒಯ್ತದ” ಎಂದೆ. ಯಾಕೆ ಬೇಕೆಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ಒಂದು ನಿಮಿಷದ ಮಾತು. ಅದನ್ನು ನೆನೆದರೆ ಇಂದಿಗೂ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಮಾರನೆಯ ದಿನ ಬಾಟಲಿಗಳು ಬಂದವು. ಆರ್ಸೆನಿಕ್ ಪತ್ತೆಗೆ ನಾವು ನೀರಿಗೆ ಆಸಿಡ್ ಮತ್ತು ಸತುವಿನ ಚೂರು ಹಾಕಿ, ಏಳುವ ಗ್ಯಾಸನ್ನು ಔಷಧಿ ಸವರಿದ ಕಾಗದಕ್ಕೆ ತಾಗಿಸುತ್ತಿದ್ದೆವು. ವಿಷವಿದ್ದರೆ ಕಾಗದ ಹಳದಿಯಾಗುತ್ತದೆ, ಬಹಳವಿದ್ದರೆ ಕಂದು. ಕಾಗದ ಬೆಳ್ಳಗೇ ಉಳಿಯಿತು. ಉಪ್ಪಿನ ಅಂಶವೂ ಕಡಿಮೆ. ನಮ್ಮ ಮುಖ್ಯ ಕೆಮಿಸ್ಟರು ಅಂಕಿಗಳನ್ನು ನೋಡಿ ಹುಬ್ಬು ಗಂಟಿಕ್ಕಿದರು: “ಕರಿ ಮಣ್ಣಿನ ಬಾವಿಗೆ ಇಷ್ಟು ಸೀನೀರ ಎಲ್ಲಿಂದ ಬಂತೋ?”

“ಹಳ್ಳದ ನೀರು ಒಳಗ ಒಸರತಿರಬೇಕ್ರಿ ಸರ್” ಎಂದೆ. ಬಾಯಿಗೆ ಬಂದ ಉತ್ತರ ಅದು. ಫಾರ್ಮಿನಲ್ಲಿ ‘ಮಾದರಿ ಸಂಗ್ರಹಿಸಿದವರು’ ಎಂಬ ಕಾಲಮಿನ ಮುಂದೆ ನನ್ನ ಹೆಸರು ಬರೆದು, ಕೆಳಗೆ ದುಂಡಗೆ ‘ಕುಡಿಯಲು ಯೋಗ್ಯ’ ಎಂದು ಬರೆದು ಸಹಿ ಹಾಕಿದೆ.

ಮಾರ್ಚಿನಲ್ಲಿ ಕಟ್ಟಡ ಶುರುವಾಯಿತು. ಏಪ್ರಿಲ್ ಕೊನೆಗೆ ಬೇರೊಂದು ಕೆಲಸಕ್ಕೆ ಹುಬ್ಬಳ್ಳಿಗೆ ಹೋದವನು, ನೋಡಿಕೊಂಡು ಹೋಗೋಣವೆಂದು ಅತ್ತ ತಿರುಗಿದೆ. ಗೋಡೆಗಳು ಎದೆಮಟ್ಟ ಎದ್ದಿದ್ದವು. ಆದರೆ ಕೆಲಸದ ಜಾಗದಲ್ಲಿ ಇರಬೇಕಾದ ಗದ್ದಲವೇ ಇರಲಿಲ್ಲ. ಕಟ್ಟಡ ಕೆಲಸದ ಹನ್ನೊಂದು ಕುಟುಂಬಗಳು ಬಾವಿಯ ಸುತ್ತ ಗೋಣಿತಟ್ಟಿನ ಗುಡಿಸಲು ಹಾಕಿಕೊಂಡಿದ್ದವು. ನಡುಮಧ್ಯಾಹ್ನ ಅರ್ಧಕ್ಕರ್ಧ ಮಂದಿ ಒಳಗೆ ಮಲಗಿದ್ದರು. ಒಂದು ಗುಡಿಸಲಿನ ಬಾಗಿಲಲ್ಲಿ ಗೌರವ್ವ ಎಂಬ ಹೆಣ್ಣುಮಗಳು ಕಂಬಕ್ಕೆ ಒರಗಿ ಕೂತು ಪಾದ ತಿಕ್ಕಿಕೊಳ್ಳುತ್ತಿದ್ದಳು. ಬುಟ್ಟಿ ಹೊತ್ತು ಏಣಿ ಹತ್ತುವ ಕೆಲಸ ಅವಳದು.

“ಏನಾಗೇದವ್ವಾ?” ಎಂದೆ.

“ತಿಂಗಳಾತ್ರಿ, ವಾಂತಿ ಭೇದಿ ನಿಲ್ಲವಲ್ದು. ಈಗ ಅಂಗಾಲು ಜುಮು ಜುಮು ಅಂತಾವು. ಏಣಿ ಮ್ಯಾಲ ಕಾಲಿಟ್ರ, ಇಟ್ಟದ್ದಽ ಗೊತ್ತಾಗೂದಿಲ್ರಿ.”

ಅವಳ ಪಕ್ಕದಲ್ಲಿ ಬಾವಿಯಿಂದ ಸೇದಿ ತಂದ ಕೊಡ ತುಂಬಿ ನಿಂತಿತ್ತು. ‘ಪರೀಕ್ಷೆ ಮಾಡಿದವನು ನಾನೇ ಅಲ್ಲವೇ, ಕಾಗದ ಬೆಳ್ಳಗಿತ್ತಲ್ಲ’ ಎಂದು ನನಗೆ ನಾನೇ ಹೇಳಿಕೊಂಡು ಗೇಟಿನ ಕೋಣೆಗೆ ಬಂದೆ. ಬಾಯಿ ಒಣಗಿತ್ತು. ಖತೀಜಾಬಿ ಬೆಳಗಿದ ತಾಮ್ರದ ಗ್ಲಾಸಿನಲ್ಲಿ ನೀರು ಕೊಟ್ಟಳು. ಕುಡಿದೆ. ಒಳ್ಳೆಯ ಸಿಹಿನೀರು.

“ಅವತ್ತ ಕೊಟ್ಟ ನೀರೂ ಇದಽ ನೋಡ್ರಿ. ಛಲೋ ಇತ್ತಿಲ್ರಿ?” ಎಂದಳು ಆಕೆ, ಸಂತೋಷದಿಂದ. “ಹಳ್ಳದಾಚಿ ತ್ವಾಟದ ಬಾವೀದು. ಆಫೀಸಿನ ಸಾಹೇಬ್ರು ಕುಡಿಯೂ ನೀರು, ಈ ಹೊಲಸ ಬಾವೀದ ಹೆಂಗ ಕೊಡೂದು ಅಂತ, ಎರಡೂ ಬಾಟ್ಲಿ ಅಲ್ಲಿಂದಽ ತುಂಬಿದ್ನಿ.”

ಗ್ಲಾಸು ಕೆಳಗಿಟ್ಟೆ. ಈ ಬಾವಿಯ ನೀರು ಹೊಲಸೆಂದು ಆ ಮಂದಿಗೆ ನೀವು ಹೇಳಲಿಲ್ಲವೇ ಎಂದು ಕೇಳಿದೆ.

“ಹೇಳಿದ್ನಿರಿ. ಗುತ್ತಿಗೆದಾರ್ರು ಕಾಗದ ತೋರಿಸಿದ್ರು. ಸಾಹೇಬ್ರಽ ಬರದ ಕೊಟ್ಟಮ್ಯಾಲ ನಾ ಏನ್ ಹೇಳ್ಲಿ?”

ವರದಿಯ ಕಾಗದವನ್ನು ಗುತ್ತಿಗೆದಾರ ತನ್ನ ತಗಡಿನ ಶೆಡ್ಡಿನ ಬಾಗಿಲಿಗೆ ಮೊಳೆ ಹೊಡೆದು ಹಾಕಿದ್ದ. ನನ್ನದೇ ದುಂಡಗಿನ ಅಕ್ಷರ. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡೆ. ಹಗ್ಗ ಬಿಚ್ಚಿಸಿ, ಬಾವಿಗೆ ತಗಡು ಮುಚ್ಚಿಸಿ, ರೋಗಿಗಳನ್ನು ಅಂದೇ ಆಸ್ಪತ್ರೆಗೆ ಒಯ್ಯಿಸುವ ಏರ್ಪಾಡು ಮಾಡಿದೆ. ಅದಕ್ಕೂ ಮೊದಲು ಅದೇ ಬಾವಿಯಿಂದ ನನ್ನ ಕೈಯಾರೆ ಒಂದು ಬಾಟಲಿ ಸೇದಿಕೊಂಡಿದ್ದೆ. ಪ್ರಯೋಗಾಲಯದಲ್ಲಿ ಪರೀಕ್ಷೆಯ ಕಾಗದ ನೋಡನೋಡುತ್ತಿದ್ದಂತೆ ಹಳದಿಯಾಗಿ ಕಂದು ಬಣ್ಣಕ್ಕೆ ತಿರುಗಿತು. ಆರ್ಸೆನಿಕ್ ಆಗಿನ ಮಿತಿಯ ಹನ್ನೊಂದು ಪಟ್ಟು. ಹೊಂಡಗಳ ವಿಷ ಹದಿನೈದಿಪ್ಪತ್ತು ಮಳೆಗಾಲ ಮಣ್ಣಿನೊಳಗೇ ಇಳಿದು ಬಾವಿ ಸೇರಿತ್ತು. ಬೇಸಿಗೆಗೆ ನೀರು ತಗ್ಗಿ ವಿಷ ಇನ್ನಷ್ಟು ದಟ್ಟವಾಗಿತ್ತು.

ಮುಖ್ಯ ಕೆಮಿಸ್ಟರು ಹಳೆಯ ಫಾರ್ಮು ತರಿಸಿ, ‘ಸಂಗ್ರಹಿಸಿದವರು’ ಎಂಬಲ್ಲಿ ಬೆರಳಿಟ್ಟರು. “ಇದು ಖರೇನ?”

ಕಾವಲುಗಾರನ ಹೆಂಡತಿ ಬಾಟಲಿ ಬದಲಿಸಿದಳು ಎಂದಿದ್ದರೆ ಇಮಾಮಸಾಬ ಮರುದಿನವೇ ಬೀದಿಗೆ ಬೀಳುತ್ತಿದ್ದ, ನಾನು ಪಾರಾಗುತ್ತಿದ್ದೆ. ಆ ಮಾತು ನಾಲಿಗೆಯ ತುದಿಯವರೆಗೆ ಬಂದದ್ದೂ ನಿಜ. “ಸುಳ್ಳು ಸರ್. ನಾ ತುಂಬಿಲ್ಲ, ತುಂಬೂ ಮುಂದ ಅಲ್ಲಿ ನಿಂತೂ ಇಲ್ಲ” ಎಂದೆ. ನನ್ನ ಬಡ್ತಿ ನಾಲ್ಕು ವರ್ಷ ಹಿಂದೆ ಬಿತ್ತು. ಸರಿಯಾಗಿಯೇ ಆಯಿತು.

ಬಾವಿಯನ್ನು ಕಲ್ಲು ತುಂಬಿ ಮುಚ್ಚಿದರು. ಎದ್ದ ಗೋಡೆಗಳನ್ನು ಕೆಡವಿ, ಮನೆಗಳನ್ನು ದೂರದ ಎತ್ತರದ ನೆಲದಲ್ಲಿ ನಳದ ನೀರಿನೊಂದಿಗೆ ಕಟ್ಟಿದರು. ಯಾರೂ ಸಾಯಲಿಲ್ಲ ಎಂಬುದು ನನ್ನ ಪುಣ್ಯವಲ್ಲ, ಅವರದು. ಗೌರವ್ವನ ಅಂಗಾಲಿಗೆ ಮಾತ್ರ ಸ್ಪರ್ಶ ತಿರುಗಿ ಬರಲಿಲ್ಲ. ಅವಳು ಮತ್ತೆ ಏಣಿ ಹತ್ತಲಿಲ್ಲ. ಹೊಸ ಮನೆಗಳ ಹತ್ತಿರ ನೆಲದ ಮೇಲೆ ಕೂತು ಜಲ್ಲಿ ಒಡೆಯುತ್ತಿದ್ದವಳು ನನ್ನನ್ನು ನೋಡಿ, “ಆ ಕಾಗದ ಬರದಾವ್ರು ನೀವಽ ಏನ್ರಿ?” ಎಂದು ಕೇಳಿದಳು. ಹೌದೆಂದೆ. ತಲೆ ಬಗ್ಗಿಸಿ ಮತ್ತೆ ಜಲ್ಲಿ ಒಡೆಯತೊಡಗಿದಳು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಮುಂದಿನ ಇಪ್ಪತ್ತೊಂಬತ್ತು ವರ್ಷ ನಾನು ಪರೀಕ್ಷಿಸಿದ ಒಂದು ಹನಿಯನ್ನೂ ಬೇರೆಯವರ ಕೈಯಿಂದ ತುಂಬಿಸಲಿಲ್ಲ. ಕಿರಿಯರಿಗೆ ಅದನ್ನೇ ಕಲಿಸಿದೆ. ಆದರೆ ನನಗೆ ನಿಜವಾದ ಪಾಠ ಹೇಳಿದವಳು ಖತೀಜಾಬಿ. ಬಾವಿ ಮುಚ್ಚಿದ ದಿನ, ನಮಗೆ ಬೇಕಾಗಿದ್ದದ್ದು ಆ ಹೊಲಸು ನೀರೇ, ಅದರಲ್ಲಿ ಏನಿದೆಯೆಂದು ನೋಡಲು, ಎಂದು ಕೊನೆಗೂ ಆಕೆಗೆ ಬಿಡಿಸಿ ಹೇಳಿದೆ. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು ಹೇಳಿದಳು:

“ಅದನ್ನ ಅವತ್ತಽ ಒಂದ ಮಾತ ಹೇಳಬಾರದಿತ್ತೇನ್ರಿ ಸಾಹೇಬ್ರ? ಅದನ್ನಽ ತುಂಬಿ ಕೊಡತಿದ್ನೆಲ್ರಿ.”