ಉಣ್ಣೆ ಹಿಂಜುವ ಕೈಗೆ ಬಿಲ್ಲು

ಹಿಪ್ಪರಗಿಯ ಬ್ಯಾರೇಜಿನಲ್ಲಿ ನೀರು ನಿಂತಾಗಿನಿಂದ ಚಳಿಗಾಲದ ಮಂಜು ನಮ್ಮ ಓಣಿಯವರೆಗೂ ಬರುತ್ತದೆ. ಆ ಮಂಜಿನಲ್ಲಿ ಶೇವಂತಿಯ ಮನೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಕಂಬಳಿಗೆ ಉಣ್ಣೆ ಹಿಂಜುವ, ಬಿಲ್ಲಿನಾಕಾರದ ಕಮಾನಿನ ಸದ್ದು ಒಳಗಿನಿಂದ ಡುಂಯ್, ಡುಂಯ್ ಎಂದು ಬರುತ್ತಿರುತ್ತದೆ. ಕಮಾನಿನ ಹುರಿಯನ್ನು ಉಣ್ಣೆಗೆ ತಾಗಿಸಿ ಕಟ್ಟಿಗೆಯ ತುಂಡಿನಿಂದ ಮೀಟಿದರೆ ಗಂಟುಗಟ್ಟಿದ ಉಣ್ಣೆ ಬಿಚ್ಚಿಕೊಂಡು ಮೇಲೇಳುತ್ತದೆ. ಸಣ್ಣ ಎಳೆಗಳು ಬಿಸಿಲುಕೋಲಿನಲ್ಲಿ, ಕೆಳಗಿಳಿಯುವುದನ್ನು ಮರೆತಂತೆ ತೇಲುತ್ತಿರುತ್ತವೆ.

ಶೇವಂತಿ ಬೆಳೆದದ್ದು ಆ ಎಳೆಗಳ ಕೆಳಗೆ. ತಾಯಿ ತಾಯವ್ವ ನೂಲುತ್ತಾಳೆ, ಮಗಳು ಹಿಂಜುತ್ತಾಳೆ. ಜಮಖಂಡಿಯ ಕಾಲೇಜಿಗೆ ಸೇರಿದ ವರ್ಷ ಅವಳು ಅಲ್ಲಿನ ಮೈದಾನದಲ್ಲಿ ಬಿಲ್ಲುಗಾರಿಕೆ ನೋಡಿದಳು. ಬಾಣ ಬಿಲ್ಲನ್ನು ಬಿಟ್ಟು ಗುರಿ ಮುಟ್ಟುವಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಆ ಮೌನ ತನಗೆ ಹಿಡಿಸಿತು ಎಂದು ಅವಳು ಹೇಳುತ್ತಾಳೆ. ತಾನೂ ಕಲಿಯಲು ಸೇರಿಕೊಂಡಳು. ಕಲಿಸುವವರು ತೇರದಾಳ ಕಡೆಯ ಜೈನ ಮನೆತನದ ಅಭಿನಂದನ ಸರ್. ಹುಲ್ಲಿನ ದಿಂಡಿಗೆ ಗುರಿಯ ಕಾಗದ ಅಂಟಿಸುವ ಮುಂಚೆ, ಒಳಗೆ ಇರುವೆಗಳಿದ್ದರೆ ಹೊರಗೆ ಹೋಗಲಿ ಎಂದು ದಿಂಡನ್ನು ಮೆಲ್ಲಗೆ ತಟ್ಟುವವರು.

ಆದರೆ ಬಾಣ ಬಿಟ್ಟಾಗಲೆಲ್ಲ ಬಿಲ್ಲಿನ ಹುರಿ ಶೇವಂತಿಯ ಎಡಗೈಗೆ ಬಡಿಯತೊಡಗಿತು. ಮುಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಂಡಳು. ಹುರಿ ಪಟ್ಟಿಯ ಮೇಲ್ಗಡೆ, ಮೊಣಕೈಯ ಹತ್ತಿರ ಬಡಿಯಿತು. ಅಲ್ಲಿಗೆ ಕಂಬಳಿಯ ತುಂಡು ಸುತ್ತಿದಳು. ಕೈ ದಪ್ಪವಾಗಿ ಹುರಿಗೆ ಇನ್ನೂ ಹತ್ತಿರವಾಯಿತು. ಕೊನೆಗೆ ಬಾಣ ಬಿಡುವ ಮೊದಲೇ ಕಣ್ಣು ಮುಚ್ಚುವ ಅಭ್ಯಾಸವಾಗಿ, ಬಾಣಗಳು ಎತ್ತಲೋ ಹೋದವು.

ಒಂದು ಸಂಜೆ ಉಣ್ಣೆ ಹಿಂಜುವಾಗ ಅಂಗಿಯ ತೋಳು ಮೇಲೆ ಸರಿದು, ನೀಲಿ ಬಾಸುಂಡೆಗಳು ತಾಯವ್ವನ ಕಣ್ಣಿಗೆ ಬಿದ್ದವು.

“ನಿಮ್ಮ ಮಾಸ್ತರ ಇರವಿ ತುಳೀಬಾರದಂತ ನೆಲಾ ನೋಡಿ ನಡ್ಯಾಂವ ಅಂತೀ,” ಎಂದಳು. “ಅಂವಗ ನೋಯಿಸಾಕ ನೀ ಒಬ್ಬಾಕೀನ ಸಿಕ್ಕೀ ಏನು?”

“ಅವರೇನ್ ಮಾಡ್ಯಾರ ಬೇ. ಹುರಿ ಬಡದೈತಿ.”

“ಯಾವುದರ ಬಡೀಲಿ. ಈ ಕೈ ಬಾತ್ರ ಉಣ್ಣಿ ಹಿಂಜಾಕಿ ಯಾರು? ಇನ್ನೊಂದು ಬಾಸುಂಡಿ ಕಂಡಿತಂದ್ರ ಜಮಖಂಡಿ ಮೈದಾನ ಬಂದ್ ಆತು, ತಿಳೀತಿಲ್ಲೊ?”

ಮರುದಿನ ಶೇವಂತಿ ಬಿಲ್ಲು ಮುಟ್ಟಲಿಲ್ಲ. ಸರ್ ಕಾರಣ ಕೇಳಿದರು. ಅವಳು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಉಣ್ಣೆ ಹಿಂಜುವುದು ಹೇಗೆಂದು ಬರಿಗೈಯಲ್ಲಿ ತೋರಿಸಲು ಹೇಳಿದರು. ಅವಳು ನಾಚುತ್ತಲೇ ಎಡಗೈ ಚಾಚಿ ಮುಷ್ಟಿ ಬಿಗಿದು ಮೊಣಕೈ ಸೆಟೆಸಿದಳು. ಕಮಾನು ಹಾಗೆ ಬಿಗಿಯಾಗಿ ನಿಲ್ಲದಿದ್ದರೆ ಹುರಿ ನಡುಗಿ ಉಣ್ಣೆ ಚೆಲ್ಲಾಪಿಲ್ಲಿಯಾಗುತ್ತದೆ. ಸರ್ ನಕ್ಕುಬಿಟ್ಟರು.

“ಇಷ್ಟು ದಿನಾ ನೀ ಇಲ್ಲಿ ಉಣ್ಣೀನ ಹಿಂಜಾಕತ್ತೀಯಲ್ಲವಾ ತಂಗಿ. ಕಮಾನಾ ಹಿಡೀಬೇಕು, ಖರೆ. ಬಿಲ್ಲನ್ನ ಹಿಡೀಬ್ಯಾಡ. ಮೊಣಕೈ ಸೆಟದು ಹುರಿ ದಾರಿಗಿ ಅಡ್ಡ ಬರತೈತಿ. ಅಂಗೈ ಮ್ಯಾಲ ಆನಿಸಿ ಸುಮ್ಮನ ಇರು.”

ಮೈದಾನದ ಅಂಚಿನ ಬೇವಿನ ಮರಕ್ಕೆ ಅಂಗೈ ಒತ್ತಿ ನಿಲ್ಲಲು ಹೇಳಿದರು. ಮೊಣಕೈಯ ಒಳಮಡಿಕೆ ಆಕಾಶ ನೋಡುತ್ತಿತ್ತು. ಅಂಗೈಯನ್ನು ಕದಲಿಸದೆ, ಆ ಮಡಿಕೆ ಬಲಕ್ಕೆ ನೋಡುವಂತೆ ಮೊಣಕೈಯನ್ನಷ್ಟೇ ಹೊರಳಿಸಬೇಕು. ಮೊದಮೊದಲು ಇಡೀ ಭುಜವೇ ಎದ್ದು ಬರುತ್ತಿತ್ತು. ಬೆಳಗಿನ ಹೊತ್ತೆಲ್ಲ ಅವಳು ಆ ಮರದೊಂದಿಗೇ ನಿಂತಳು. ಒಣಗಿದ ಎಲೆಗಳು ಹೆಗಲ ಮೇಲೆ ಬಿದ್ದವು. ನಿಂತಲ್ಲೇ ನಿದ್ದೆ ಬಂದಂತಾಗಿ, ಕೈ ತನ್ನದಲ್ಲ, ನೀರಿನಲ್ಲಿ ತೇಲುವ ಯಾವುದೋ ಹಗುರ ಕೊಂಬೆ ಎನ್ನಿಸಿತಂತೆ. ಆಗ ಮೊಣಕೈ ತಾನಾಗಿ ಹೊರಳಿತು.

ಬಿಲ್ಲು ಎತ್ತಿದಳು. ಹೆಬ್ಬೆರಳಿನ ಬುಡದ ದಿಂಡಿನ ಮೇಲೆ ಅದನ್ನು ಆನಿಸಿ, ಬೆರಳುಗಳನ್ನು ಸಡಿಲ ಬಿಟ್ಟಳು. ಬಿದ್ದೀತೆಂಬ ಭಯವಾಯಿತು. ಎಳೆದಾಗ ಬಿಲ್ಲು ತಾನೇ ಅಂಗೈಗೆ ಒತ್ತಿ ನಿಂತಿತು. ಬಿಟ್ಟಳು. ಹುರಿ ತೋಳಿನ ಪಕ್ಕದಲ್ಲಿ ಗಾಳಿಯಂತೆ ಹಾದುಹೋಯಿತು. ಅದರ ತಂಪಷ್ಟೇ ತಿಳಿಯಿತು. ಬಾಣ ಗುರಿಯ ಅಂಚಿಗೆ ನಟ್ಟಿತು. ಅದು ಹೋಗುವುದನ್ನು ಅವಳು ಕಣ್ಣು ತೆರೆದೇ ನೋಡಿದ್ದಳು. ಮುಂದೆ ಒಮ್ಮೊಮ್ಮೆ ಮುಷ್ಟಿ ಬಿಗಿಯಲು ಹೋಗುತ್ತಿತ್ತು. ಆಗೆಲ್ಲ ಬಿಲ್ಲು ಇಳಿಸಿ, ಮರದ ಹತ್ತಿರ ಹೋಗಿ ನಿಂತು ಮತ್ತೆ ಬರುತ್ತಿದ್ದಳು.

ಆ ವಾರವೆಲ್ಲ ಮನೆಯಲ್ಲಿ ಬೇರೆ ಫಜೀತಿ. ಕಮಾನು ಹಿಡಿದಾಗ ಕೈ ಸಡಿಲಾಗಿ ಉಣ್ಣೆ ಮೂಲೆಗೆಲ್ಲ ಹಾರಿತು. ತಾಯವ್ವ ಕೂದಲಿಗಂಟಿದ ಎಳೆಗಳನ್ನು ತೆಗೆಯುತ್ತ ಬೈದಳು. ಶೇವಂತಿ ಮುಷ್ಟಿ ಬಿಗಿದು ಮತ್ತೆ ಮೀಟಿದಳು. ಉಣ್ಣೆಗೆ ಕೂತಾಗ ಒಂದು ಕೈ, ಬಿಲ್ಲಿಗೆ ನಿಂತಾಗ ಇನ್ನೊಂದು ಕೈ ಎಂದು ತನಗೆ ತಾನೇ ಹೇಳಿಕೊಂಡಳು.

ಶನಿವಾರ ಸಂಜೆ ತಾಯವ್ವ ಅವಳನ್ನು ಬಾಗಿಲ ಬೆಳಕಿಗೆ ಎಳೆದು ಅಂಗಿಯ ತೋಳು ಮೇಲೆ ಸರಿಸಿದಳು. ಹಳೆಯ ನೀಲಿ ಹಳದಿಗೆ ತಿರುಗಿತ್ತು. ಹೊಸದೊಂದೂ ಇರಲಿಲ್ಲ. ಬೆರಳಿನಿಂದ ಒತ್ತಿ ಮಗಳ ಮುಖ ನೋಡಿದಳು. ಶೇವಂತಿ ಮುಖ ಕಿವುಚಲಿಲ್ಲ.

ತಾಯವ್ವ ತೋಳನ್ನು ಮೊದಲಿನಂತೆ ಕೆಳಗೆಳೆದಳು.

“ಸೋಮವಾರ ಯಾವ ಬಸ್ಸಿಗಿ ಹೋಗಾಕಿ?” ಎಂದು ಕೇಳಿದಳು. “ಅಷ್ಟೊತ್ತಿಗಿ ರೊಟ್ಟಿ ಬಡದಿರ್ತೀನಿ.”