ಪುಟದ ಅಡಿಯಲ್ಲಿ ವರ್ನಿಸ್

ಸರೋವರದ ದಂಡೆಯ ಬಂದರು ಊರಾದ ಡುಲೂತಿನಲ್ಲಿ ಆರಿನ್ ಹಾಪಲನಷ್ಟು ಪ್ರಾಮಾಣಿಕ ಮನುಷ್ಯ ಇನ್ನೊಬ್ಬನಿರಲಿಲ್ಲ. ಈ ಮಾತಿಗೆ ಆಧಾರ ಬೇಕೆಂದರೆ ಹಾಪಲನನ್ನೇ ಕೇಳಬಹುದಿತ್ತು, ಕೇಳದಿದ್ದರೂ ಹೇಳುತ್ತಿದ್ದ. ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ದಾರಿಫಲಕ ನೆಡಿಸುವ ಕೆಲಸ ಮಾಡಿ ನಿವೃತ್ತನಾದವನು ಅವನು. ಯಾವ ಊರಿಗೆ ಎಲ್ಲಿ ತಿರುಗಬೇಕೆಂದು ಜೀವಮಾನವಿಡೀ ಪರರಿಗೆ ತೋರಿಸಿದವನು, ನಿವೃತ್ತನಾದ ಮೇಲೆ ಸ್ವಂತದ್ದೊಂದು ವೆಬ್‌ಸೈಟ್ ಮಾಡಿಕೊಂಡು, ಅಲ್ಲಿಗೆ ಬಂದವರಿಗೆ ಹವಾಮಾನ ಕಚೇರಿಯ ಪುಟವೊಂದನ್ನು ಬಿಟ್ಟು ಬೇರೆಲ್ಲಿಗೂ ಹೋಗಲು ದಾರಿಯೇ ಇಲ್ಲದಂತೆ ನೋಡಿಕೊಂಡ.

ವೆಬ್‌ಸೈಟಿನ ತುಂಬ ಹಡಗುಗಳು. ಸರೋವರದ ಕಡೆಯಿಂದ ಬಂದು, ಹಡಗು ಬಂದಾಗ ಮೇಲೇಳುವ ಎತ್ತುಸೇತುವೆಯ ಅಡಿ ನುಸುಳಿ, ಬಂದರಿನಲ್ಲಿ ಅದಿರು ತುಂಬಿಕೊಂಡು ಹೋಗುವ ಹಡಗುಗಳು. ಹಾಪಲನ ಮನೆ ಇದ್ದದ್ದು ಗುಡ್ಡದ ಆಚೆ ಬದಿಗೆ. ಕಿಟಕಿಯಿಂದ ಕಾಣುತ್ತಿದ್ದದ್ದು ಪಕ್ಕದ ಮನೆಯವರ ಗ್ಯಾರೇಜ್. ಆದರೂ ಯಾವ ಹಡಗಿನ ಮೂತಿಯ ಬಣ್ಣ ಸುಲಿದಿದೆ, ಯಾವ ಕಪ್ತಾನ ಸೇತುವೆಗೆ ಹೊಡೆದ ಸಲಾಮಿನ ಕೊಂಬು ಅರ್ಧಕ್ಕೇ ಗೊಗ್ಗರಾಯಿತು, ಎಲ್ಲವೂ ಅವನಿಗೆ ಗೊತ್ತಾಗುತ್ತಿತ್ತು. ದಿವ್ಯದೃಷ್ಟಿ ಇದ್ದವರಿಗೆ ಗ್ಯಾರೇಜೊಂದು ಅಡ್ಡಿಯೇ?

ಹಡಗುಗಳು ಬಂದರಿಗೆ ಬರುವ ಕಾಲುವೆಯ ದಂಡೆಯಲ್ಲೇ ಮನೆ ಇದ್ದವಳು ವರ್ನಿಸ್ ಟೊಲೆಫ್ಸನ್. ಶಾಲಾ ಬಸ್ಸು ಓಡಿಸಿ ನಿವೃತ್ತಳಾದವಳು, ಹಾಪಲನ ಹಳೆಯ ಸ್ನೇಹಿತೆ. ದುರ್ಬೀನು ಹಿಡಿದು ಕಿಟಕಿಯ ಪಕ್ಕ ಕೂತು, ಕಂಡದ್ದನ್ನು ಕಂಡ ಹಾಗೆ ತನ್ನದೊಂದು ಸಾದಾ ಪುಟದಲ್ಲಿ ಬರೆದು ಹಾಕುತ್ತಿದ್ದಳು. ಚಿತ್ರವಿಲ್ಲ, ಬಣ್ಣವಿಲ್ಲ, ಅಕ್ಷರ ಸಾಸಿವೆಯಷ್ಟು. ಆ ಪುಟವನ್ನು ಯಾರೂ ಓದುತ್ತಿರಲಿಲ್ಲ. ಯಾರೂ ಎಂದರೆ, ಒಬ್ಬನನ್ನು ಬಿಟ್ಟು.

ಗುರುವಾರಗಳಂದು ಲೂಥರನ್ ಚರ್ಚಿನ ನೆಲಮಾಳಿಗೆಯಲ್ಲಿ ಇವರ ಕೂಟ ಸೇರುತ್ತಿತ್ತು. ದೊಡ್ಡ ಕಂಪನಿಗಳ ಹಂಗಿಲ್ಲದೆ, ತಮ್ಮ ಪುಟಗಳನ್ನು ತಾವೇ ಬರೆದು ಕಟ್ಟಿ ಇಡುವವರ ಕೂಟ. ಒಮ್ಮೆ ಕಟ್ಟಿಟ್ಟ ಪುಟ ಯಾರು ಬಂದು ನೋಡಿದರೂ ಇದ್ದ ಹಾಗೇ ಇರಬೇಕು, ಅದೇ ಅವರ ಹೆಮ್ಮೆ. ಅಲ್ಲಿ ಒಂದೇ ಕಟ್ಟಳೆ: ಯಾರಿಂದ ಏನು ತೆಗೆದುಕೊಂಡೆಯೋ ಅವರ ಪುಟಕ್ಕೆ ಲಿಂಕ್ ಕೊಡು. ಲಿಂಕೇ ಥ್ಯಾಂಕ್ಸು, ಲಿಂಕೇ ಮರ್ಯಾದೆ. ಈ ಧರ್ಮದ ಮೇಲೆ ಹಾಪಲ ಕೊಡುತ್ತಿದ್ದ ಪ್ರವಚನ ಕೇಳಿದರೆ ಕಲ್ಲೂ ಕರಗಿ ಯಾರಿಗಾದರೂ ಲಿಂಕ್ ಕೊಡಬೇಕು. ಮಾಡುವುದು ಅನಾಚಾರ, ಮನೆ ಮುಂದೆ ಬೃಂದಾವನ ಎಂಬ ಗಾದೆ ಡುಲೂತಿನವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಬಾಯಿ ಬಿಟ್ಟು ಹೇಳುವ ಜನ ಅವರಲ್ಲ.

ಒಂದು ಗುರುವಾರ ವರ್ನಿಸ್ ಕಾಫಿ ಲೋಟ ಕೆಳಗಿಟ್ಟು, "ಈ ತಿಂಗಳ ಕೊನೇಗೆ ನನ್ನ ಪುಟ ಮುಚ್ಚಿಬಿಡೋಣ ಅಂತಿದೀನಿ," ಎಂದಳು. "ಯಾರೂ ಓದಲ್ಲ. ಓದೋರಿದ್ದಿದ್ರೆ ಯಾರಾದ್ರೂ ಒಬ್ರು ಲಿಂಕ್ ಹಾಕಿರೋರು. ಗೋಡೆ ಜೊತೆ ಮಾತಾಡ್ದಂಗಾಗಿದೆ."

"ಅಯ್ಯೋ, ಮುಚ್ಬೇಡ ವರ್ನಿಸ್," ಎಂದ ಗಾರ್ಡಿ ಸ್ಕೋಗ್ಲುಂಡ್. ಕೂಟ ನಡೆಸುವವನು ಅವನೇ. ಅವನೂ ಓದಿರಲಿಲ್ಲ, ಪಾಪ.

ಹಾಪಲ ಮಾತ್ರ ಹಿತೈಷಿಯ ಮುಖ ಮಾಡಿದ. "ನೋಡು ವರ್ನಿಸ್, ವಯಸ್ಸಾಯ್ತು. ಈ ಚಳೀಲಿ ಕಿಟಕಿ ಪಕ್ಕ ಕೂತು ಯಾಕೆ ಒದ್ದಾಡ್ತೀಯ? ಮುಚ್ಬಿಡು. ಹಡಗಿನ ವಿಷಯ ಬೇಕಾದೋರಿಗೆ ನನ್ನ ಪುಟ ಇದ್ದೇ ಇದೆಯಲ್ಲ."

"ಅದೂ ಸರಿ ಅನ್ನು," ಎಂದಳು ವರ್ನಿಸ್. ಅವಳ ದನಿ ಸಣ್ಣಗಾಗಿತ್ತು.

ಅವಳ ಪುಟ ಹೋದರೆ ತನ್ನ ಕಳ್ಳತನಕ್ಕೆ ಸಾಕ್ಷಿಯೇ ಇರುವುದಿಲ್ಲ ಎಂದು ಹಾಪಲನ ಎದೆ ಹಗುರಾಯಿತು. ನಾಳೆಯಿಂದ ಹಡಗಿನ ಸುದ್ದಿ ಎಲ್ಲಿಂದ ತರುವುದು ಎಂಬ ಪ್ರಶ್ನೆ ಹೊಳೆಯಲಿಲ್ಲ. ಹೆದರಿದವನ ಲೆಕ್ಕ ಒಂದೇ ಹೆಜ್ಜೆಯದು.

ಅದೇ ಸಂಜೆ ಗಾರ್ಡಿ ಒಂದು ಆಸೆ ಮುಂದಿಟ್ಟ. ಪ್ರತಿ ಪುಟದ ಅಡಿಯಲ್ಲಿ ಆ ಪುಟದ ಲಿಂಕುಗಳೆಲ್ಲ ತಾವಾಗಿಯೇ ಪಟ್ಟಿಯಾಗಿ ಬರುವ ಏರ್ಪಾಡು ಇದ್ದರೆ ಎಷ್ಟು ಚೆನ್ನ. ಯಾರು ಯಾರಿಗೆ ಋಣಿ ಎಂದು ಒಂದೇ ನೋಟಕ್ಕೆ ತಿಳಿಯುತ್ತದೆ. ಉಳಿದವರು ಕೆಲಸಕ್ಕೆ ಹೆದರಿ ಕಾಫಿಯ ಕಡೆ ನೋಡಿದರು. ಹಾಪಲ ಎದ್ದು ನಿಂತ. "ಮುಂದಿನ ವಾರಕ್ಕೆ ಮಾಡಿ ತರ್ತೀನಿ ಬಿಡಯ್ಯಾ. ಮೊದಲು ನನ್ನ ಪುಟಗಳಿಗೇ ಹಾಕ್ತೀನಿ. ಮುಚ್ಚಿಡೋಕೆ ನನ್ನ ಹತ್ರ ಏನಿದೆ?"

ಮುಚ್ಚಿಟ್ಟದ್ದು ಬೇಕಾದಷ್ಟಿತ್ತು, ಮತ್ತು ಅದನ್ನು ಬಲು ಅಚ್ಚುಕಟ್ಟಾಗಿ ಇಟ್ಟಿದ್ದ. ಇವರು ಮೊದಲು ಕಚ್ಚಾ ಕಡತ ಬರೆದು, ಅದರಿಂದ ಓದುಗರಿಗೆ ಕಾಣುವ ಪುಟ ಕಟ್ಟುತ್ತಾರೆ. ಆ ಕಡತದಲ್ಲಿ ಎರಡು ಗುರುತುಗಳ ನಡುವೆ ಬರೆದ ಮಾತು ಓದುಗರಿಗೆ ಕಾಣುವುದಿಲ್ಲ, ಬರೆದವನ ನೆನಪಿಗಷ್ಟೇ. ಇಲಾಖೆಯಲ್ಲಿ ಕಲಿತ ಶಿಸ್ತು ಎಲ್ಲಿಗೆ ಹೋದೀತು? ಯಾವುದನ್ನು ಎಲ್ಲಿಂದ ತಂದೆ ಎಂದು ಬರೆದಿಡದಿದ್ದರೆ ಹಾಪಲನಿಗೆ ನಿದ್ದೆ ಹತ್ತದು. ಹಾಗಾಗಿ ಪ್ರತಿ ಪುಟದ ಕಡತದಲ್ಲೂ, ಆ ಮರೆಯಲ್ಲಿ, ವರ್ನಿಸ್‌ಳ ಪುಟಕ್ಕೆ ಒಂದು ಲಿಂಕ್ ಹಾಕಿ, ಅದರ ಹೆಸರಿನ ಜಾಗದಲ್ಲಿ ತನಗೆ ತಾನೇ ಒಂದು ಟಿಪ್ಪಣಿ ಬರೆದಿದ್ದ. ಬೀಗ ಒಡೆದ ಕಳ್ಳ ರಸೀದಿ ಬರೆದಿಟ್ಟು ಬಂದ ಹಾಗೆ.

ಲಿಂಕುಗಳನ್ನು ಆರಿಸಬೇಕಾದದ್ದು ಕಟ್ಟಿ ಮುಗಿಸಿದ ಪುಟದಿಂದ. ಹಾಪಲ ಜಾಣ, ಒಂದು ಹಂತದ ಕೆಲಸ ಉಳಿತಾಯವೆಂದು ಕಚ್ಚಾ ಕಡತದಿಂದಲೇ ಆರಿಸುವ ಹಾಗೆ ಪ್ರೋಗ್ರಾಮ್ ಬರೆದ. ಕಾಣುವ ಲಿಂಕ್ ಯಾವುದು, ಮರೆಯ ಲಿಂಕ್ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಪರೀಕ್ಷೆಗೆಂದು ಅವನು ಆರಿಸಿಕೊಂಡದ್ದು 'ನನ್ನ ಬಗ್ಗೆ' ಎಂಬ ಪುಟ. ಅಲ್ಲಿ ಕದ್ದದ್ದೇನೂ ಇರಲಿಲ್ಲ. ಆ ಹೊಗಳಿಕೆಯಷ್ಟೂ ಅವನ ಸ್ವಂತದ್ದು. ಪಟ್ಟಿ ಸರಿಯಾಗಿ ಬಂತು. ಬೆನ್ನು ತಟ್ಟಿಕೊಂಡು, ಉಳಿದ ಪುಟಗಳನ್ನೆಲ್ಲ ಒಟ್ಟಿಗೆ ಕಟ್ಟಿ, ತಿರುಗಿಯೂ ನೋಡದೆ ಲೋಕಕ್ಕೆ ಬಿಟ್ಟ.

ಗುರುವಾರ ಗಾರ್ಡಿ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಹಾಪಲನ ಒಂದು ಪುಟ ಬೆಳಗಿಸಿದ. ಮೇಲೆ ಹಡಗಿನ ವರ್ಣನೆ, ಅಡಿಯಲ್ಲಿ 'ಈ ಪುಟದ ಲಿಂಕುಗಳು'. ಮೊದಲನೆಯದು ಹವಾಮಾನ ಕಚೇರಿ. ಎರಡನೆಯದು: 'ವರ್ನಿಸ್ ಪುಟದಿಂದ ಎತ್ತಿದ್ದು. ಎರಡು ಮಾತು ಬದಲಿಸಿದೆ.'

ಗಾರ್ಡಿ ಗಾಬರಿಯಲ್ಲಿ ಮುಂದಿನ ಪುಟಕ್ಕೆ ಹೋದ. 'ಇದೂ ವರ್ನಿಸ್‌ದೇ. ಕಪ್ಪು ಎಂದಿರುವಲ್ಲಿ ಕಡುಗಪ್ಪು ಎಂದು ಮಾಡು.' ಇನ್ನೂ ಗಾಬರಿಯಾಗಿ ಇನ್ನೊಂದಕ್ಕೆ ಹಾರಿದ. 'ವರ್ನಿಸ್. ಇವಳಿಗೆ ಇಷ್ಟು ಚೆನ್ನಾಗಿ ಬರೆಯಲು ಹೇಗೆ ಬರುತ್ತದೋ.'

ಈ ಊರಿನವರು ಬೈಯುವುದಿಲ್ಲ. ಬೈದಿದ್ದರೆ ಹಾಪಲ ಬದುಕಿಕೊಳ್ಳುತ್ತಿದ್ದ. ಕಾಫಿಯ ಜೊತೆಗಿಟ್ಟ ತಟ್ಟೆಯಲ್ಲಿ ನಿಂಬೆಯ ಸಿಹಿತಿಂಡಿಯ ತುಂಡು ಒಂದೇ ಉಳಿದಿತ್ತು. ಕೊನೆಯದನ್ನು ಪೂರ್ತಿ ತಿನ್ನುವುದು ಅಲ್ಲಿ ಮಹಾಪಾಪ. ಒಬ್ಬರು ಅದನ್ನು ಅರ್ಧ ಮಾಡಿ ತೆಗೆದುಕೊಂಡರು. ಇನ್ನೊಬ್ಬರು ಉಳಿದರ್ಧದಲ್ಲಿ ಅರ್ಧ. ಮೂರನೆಯವರು ಉಳಿದ ಚೂರನ್ನೂ ಕತ್ತರಿಸಲು ಚಾಕು ಹುಡುಕಿದರು. ಕೊನೆಗೆ ಗಾರ್ಡಿ, "ಪ್ರೋಗ್ರಾಮ್ ಚೆನ್ನಾಗೇ ಕೆಲಸ ಮಾಡ್ತಿದೆ ಅಲ್ವಾ ಆರಿನ್," ಎಂದ. "ನಾಳೆ ಹಿಮ ಬೀಳುತ್ತಂತೆ," ಎಂದು ಇನ್ಯಾರೋ ಸೇರಿಸಿದರು.

ವರ್ನಿಸ್ ಗೋಡೆಯ ಮೇಲೆ ಉಳಿದಿದ್ದ ಕೊನೆಯ ಸಾಲನ್ನು ನಿಧಾನವಾಗಿ ಓದಿ, ಕೋಟು ಹಾಕಿಕೊಂಡು ಹೊರಟುಹೋದಳು.

ಮನೆಗೆ ಬಂದ ಹಾಪಲ ಮೊದಲು ಮಾಡಿದ ಕೆಲಸವೆಂದರೆ ಪ್ರೋಗ್ರಾಮ್ ತಿದ್ದಿದ್ದು. ಪಶ್ಚಾತ್ತಾಪಕ್ಕೆ ಮೊದಲು ರಿಪೇರಿ. ತಿದ್ದಿ ಮತ್ತೆ ಕಟ್ಟಿದಾಗ ಪ್ರತಿ ಪುಟದ ಅಡಿಯಲ್ಲೂ ಹವಾಮಾನ ಕಚೇರಿಯೊಂದೇ ಉಳಿಯಿತು. ಇಷ್ಟು ವರ್ಷ ಬರೆದದ್ದರಲ್ಲಿ ಒಬ್ಬ ಮನುಷ್ಯನ ಹೆಸರೂ ಇಲ್ಲ. ಅದನ್ನು ನೋಡುತ್ತ ಕೂತವನಿಗೆ ನಾಚಿಕೆಯಾಯಿತು. ಪ್ರವಚನಕಾರನಿಗೆ ಬರುವ ನಾಚಿಕೆಯಲ್ಲ, ನಿಜವಾದದ್ದು.

ಬೆಳಿಗ್ಗೆ ಅವಳ ಬಾಗಿಲು ತಟ್ಟಿದ. "ಬಾರಪ್ಪ, ಕಾಫಿ ಇದೆ," ಎಂದಳು ವರ್ನಿಸ್. ಕಿಟಕಿಯಾಚೆ ಹಿಮ ಬೀಳುತ್ತಿತ್ತು, ಕಾಲುವೆಯೂ ಕಾಣುತ್ತಿರಲಿಲ್ಲ.

"ತಪ್ಪಾಯ್ತು ವರ್ನಿಸ್. ಪ್ರತಿ ಪುಟಕ್ಕೂ ನಿನ್ನ ಹೆಸರು ಹಾಕ್ತೀನಿ, ಎಲ್ರಿಗೂ ಕಾಣೋ ಹಾಗೆ."

"ಕದ್ದಿದ್ದಕ್ಕೆ ನಂಗೆ ಅಷ್ಟು ಬೇಜಾರಿಲ್ಲ," ಎಂದಳು ಅವಳು. "ಕದಿಯೋ ಅಷ್ಟು ಚೆನ್ನಾಗಿತ್ತು ಅಂತ ಆಯ್ತಲ್ಲ. ಆದ್ರೆ ಯಾರೂ ಓದಲ್ಲ ಅಂತ ನಾನು ಎಲ್ರ ಮುಂದೆ ಹೇಳ್ದಾಗ ನೀನು ಪಕ್ಕದಲ್ಲೇ ಕೂತಿದ್ದೆ. ಒಂದಕ್ಷರ ಬಿಡದೆ ಓದ್ತಿದ್ದೋನು ನೀನು. ಮುಚ್ಚು ಅಂದ್ಯಲ್ಲೋ."

"ನಿನ್ನ ಪುಟ ಜನ ನೋಡಿದ್ರೆ ನನ್ನದನ್ನ ಯಾರು ಮೂಸ್ತಾರೆ ಅಂತ ಹೆದರಿಕೆ ಇತ್ತು," ಎಂದ.

"ಹಾಗಾದ್ರೆ ಅದನ್ನೇ ಬರಿ. ಮೊದಲನೇ ಪುಟದಲ್ಲಿ."

ಬರೆದ. ಇಲ್ಲಿರುವುದೆಲ್ಲ ವರ್ನಿಸ್ ಟೊಲೆಫ್ಸನ್ ಕಣ್ಣಾರೆ ಕಂಡದ್ದು, ಅವಳ ಪುಟ ಮುಚ್ಚಲು ಹೇಳಿದವನು ನಾನು, ಹೆದರಿ ಹೇಳಿದೆ, ಅಲ್ಲಿಗೇ ಹೋಗಿ ಓದಿ ಎಂದು ಬರೆದು ಲಿಂಕ್ ಕೊಟ್ಟ. ಜನ ವಿಧೇಯರು, ಹೋದರು. ಗಾರ್ಡಿ ಹೋದ, ಕೂಟದವರೆಲ್ಲ ಹೋದರು, ಬೇರೆ ಊರಿನ ಹಡಗು ಹುಚ್ಚರೂ ಹೋದರು. ಹೋದವರಲ್ಲಿ ಒಬ್ಬರೂ ಹಿಂದಿರುಗಿ ಬರಲಿಲ್ಲ. ಹಾಪಲ ಹೆದರಿದ್ದೇ ನಡೆಯಿತು, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ.

ತಿಂಗಳು ಮುಗಿದರೂ ವರ್ನಿಸ್ ಪುಟ ಮುಚ್ಚಲಿಲ್ಲ. ಹೊಸ ತಿಂಗಳ ಮೊದಲ ದಿನ ಹಾಪಲ ಎಂದಿನಂತೆ ಅದನ್ನು ತೆರೆದ. ಹಡಗೊಂದರ ಬಗ್ಗೆ ನಾಲ್ಕು ಸಾಲಿತ್ತು, ಕೆಳಗೆ ಒಂದೇ ಒಂದು ಲಿಂಕ್ ಇತ್ತು. ಒತ್ತಿದರೆ ತೆರೆದದ್ದು ಅವನದೇ ವೆಬ್‌ಸೈಟ್. ಬೇರೆಯವರೊಬ್ಬರು ಅದಕ್ಕೆ ಕೊಟ್ಟ ಮೊದಲ ಲಿಂಕ್ ಅದು. ಅದರ ಮೇಲೆ ಅವಳು 'ನನ್ನ ಮೊದಲ ಓದುಗ' ಎಂದು ಬರೆದಿದ್ದಳು. ಹಾಪಲ ಕನ್ನಡಕ ಒರೆಸಿಕೊಂಡು, ಅವಳ ಪುಟಕ್ಕೆ ಹಿಂದಿರುಗಿ, ಆ ನಾಲ್ಕು ಸಾಲನ್ನು ಮತ್ತೆ ಮೊದಲಿನಿಂದ ಓದಿದ.